ಲ್ಯಾಬ್ ಇಲ್ಲದ ಪ್ರೊಫೆಸರ್: ಮೇಘನಾದ ಸಾಹಾ

ನಕ್ಷತ್ರದ ಬೆಳಕನ್ನು ಪ್ರಿಸಂ ಮೂಲಕ ಹಾಯಿಸಿದರೆ ಕಾಮನಬಿಲ್ಲಿನ ಬಣ್ಣಗಳ ನಡುವೆ ಕಪ್ಪು ಗೆರೆಗಳು ಕಾಣುತ್ತವೆ. ಒಂದೊಂದು ಗೆರೆಯೂ ಒಂದು ಜಾತಿಯ ಪರಮಾಣುವಿನ ಸಹಿ ಇದ್ದ ಹಾಗೆ. 1920ರ ಹೊತ್ತಿಗೆ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದವರು ಈ ಗೆರೆಗಳನ್ನು ನೋಡಿ ಎರಡು ಲಕ್ಷಕ್ಕೂ ಹೆಚ್ಚು ನಕ್ಷತ್ರಗಳನ್ನು ಗುಂಪು ಗುಂಪಾಗಿ ವಿಂಗಡಿಸಿದ್ದರು. ಡೇಟಾ ರಾಶಿ ರಾಶಿ ಇತ್ತು. ಆದರೆ ಒಂದು ನಕ್ಷತ್ರದಲ್ಲಿ ಹೀಲಿಯಂ, ಇನ್ನೊಂದರಲ್ಲಿ ಕ್ಯಾಲ್ಸಿಯಂ ಯಾಕೆ ಎದ್ದು ಕಾಣುತ್ತೆ ಅನ್ನೋದಕ್ಕೆ ಲೆಕ್ಕದ ಉತ್ತರ ಯಾರ ಹತ್ತಿರವೂ ಇರಲಿಲ್ಲ. ಆ ಉತ್ತರ ಬಂದಿದ್ದು ಕಲ್ಕತ್ತಾದ ಒಬ್ಬ ಲೆಕ್ಚರರ್‌ ಕಡೆಯಿಂದ. ವಯಸ್ಸು ಇಪ್ಪತ್ತಾರು. ಕೈಯಲ್ಲಿ ದೊಡ್ಡ ದೂರದರ್ಶಕ ಇಲ್ಲ, ಹೇಳಿಕೊಳ್ಳುವಂಥ ಲ್ಯಾಬ್ ಕೂಡ ಇಲ್ಲ.

ಮೇಘನಾದ ಸಾಹಾ ಹುಟ್ಟಿದ್ದು 1893ರ ಅಕ್ಟೋಬರ್ 6ರಂದು, ಢಾಕಾ ಹತ್ತಿರದ ಶೇವರಾತಲಿ ಅನ್ನೋ ಹಳ್ಳಿಯಲ್ಲಿ. ಅಪ್ಪನದು ಸಣ್ಣ ದಿನಸಿ ಅಂಗಡಿ, ಮನೆ ತುಂಬ ಮಕ್ಕಳು. ಊರಲ್ಲಿ ಪ್ರೈಮರಿ ಮುಗಿದ ಮೇಲೆ ಓದಬೇಕು ಅಂದ್ರೆ ಮೈಲಿಗಟ್ಟಲೆ ದೂರದ ಶಾಲೆಗೆ ಹೋಗಬೇಕಿತ್ತು. ಅನಂತಕುಮಾರ್ ದಾಸ್ ಅನ್ನೋ ವೈದ್ಯರು ತಮ್ಮ ಮನೆಯಲ್ಲಿ ಇಟ್ಟುಕೊಂಡು ಊಟ ಹಾಕಿದ್ದರಿಂದ ಓದು ಮುಂದುವರಿಯಿತು. ಮುಂದೆ ಸ್ಕಾಲರ್‌ಶಿಪ್ ಗೆದ್ದು ಢಾಕಾದ ಸರ್ಕಾರಿ ಶಾಲೆ ಸೇರಿದರು. 1905ರಲ್ಲಿ ಬಂಗಾಳ ವಿಭಜನೆ ಆಯ್ತು. ಶಾಲೆಗೆ ಬಂದ ಗವರ್ನರ್ ವಿರುದ್ಧ ಪ್ರತಿಭಟಿಸಿದ ಹುಡುಗರಲ್ಲಿ ಸಾಹಾ ಕೂಡ ಒಬ್ಬರು. ಶಾಲೆಯಿಂದ ಹೊರಗೆ ಹಾಕಿದರು, ಸ್ಕಾಲರ್‌ಶಿಪ್ಪೂ ಹೋಯ್ತು. ಬೇರೆ ಶಾಲೆ ಹಿಡಿದು ಓದು ಮುಗಿಸಿದರು.

1911ರಲ್ಲಿ ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜು. ಸತ್ಯೇಂದ್ರನಾಥ ಬೋಸ್ ಕ್ಲಾಸ್‌ಮೇಟ್, ಜಗದೀಶಚಂದ್ರ ಬೋಸ್ ಮತ್ತು ಪ್ರಫುಲ್ಲಚಂದ್ರ ರೇ ಮೇಷ್ಟ್ರುಗಳು. ಅಂಥ ಕ್ಲಾಸ್ ಯಾವ ಕಾಲೇಜಿಗೂ ಸುಲಭಕ್ಕೆ ಸಿಗಲ್ಲ. ಆದರೆ ಹಾಸ್ಟೆಲ್‌ನಲ್ಲಿ ಕತೆಯೇ ಬೇರೆ. ಸಾಹಾ ಅವರ ಜಾತಿ ಕೆಳಗಿನದು ಅಂತ ಕೆಲವು ಹುಡುಗರು ಅವರ ಜೊತೆ ಕೂತು ಊಟ ಮಾಡಲು ಒಪ್ಪಲಿಲ್ಲ. ಲೆಕ್ಕದಲ್ಲಿ ಇಡೀ ಯೂನಿವರ್ಸಿಟಿಗೆ ಎರಡನೇ ರ‍್ಯಾಂಕ್ ಬರುವ ಹುಡುಗನಿಗೆ ಮೆಸ್‌ನಲ್ಲಿ ಜಾಗ ಇಲ್ಲ! ನಾವೂ ಹಾಸ್ಟೆಲ್‌ನಲ್ಲಿ ಇರುವವರು, ದಿನಾ ಒಂದೇ ಟೇಬಲ್‌ನಲ್ಲಿ ಕೂತು ಸಾಂಬಾರಿಗೆ ಬೈಯುವವರು. ಆ ಟೇಬಲ್ಲೇ ಸಿಗದಿದ್ದರೆ ಹೇಗಿರುತ್ತೆ ಅನ್ನೋದನ್ನ ನಾವೆಲ್ಲ ಒಂದು ಸಲ ಯೋಚಿಸಬೇಕು.

ಎಂ.ಎಸ್ಸಿ. ಮುಗಿಸಿದ್ದು ಗಣಿತದಲ್ಲಿ. ಕಲ್ಕತ್ತಾದ ಹೊಸ ಸೈನ್ಸ್ ಕಾಲೇಜಿನಲ್ಲಿ ಪಾಠ ಮಾಡಬೇಕಾಗಿ ಬಂದಿದ್ದು ಫಿಸಿಕ್ಸ್. ಥರ್ಮೋಡೈನಮಿಕ್ಸ್, ಸ್ಪೆಕ್ಟ್ರೋಸ್ಕೋಪಿ ಎಲ್ಲವನ್ನೂ ಸ್ವತಃ ಓದಿಕೊಂಡು ಹುಡುಗರಿಗೆ ಹೇಳಿಕೊಟ್ಟರು. ಜರ್ಮನ್ ಗೊತ್ತಿದ್ದರಿಂದ ಬೋಸ್ ಜೊತೆ ಸೇರಿ ಐನ್‌ಸ್ಟೈನ್‌ರ ರಿಲೇಟಿವಿಟಿ ಲೇಖನಗಳನ್ನು ಇಂಗ್ಲಿಷಿಗೆ ತಂದರು. ಬೆಳಕಿನ ಒತ್ತಡದ ಬಗ್ಗೆ ದೀರ್ಘ ಪೇಪರ್ ಬರೆದು ಅಮೆರಿಕದ ಜರ್ನಲ್ ಒಂದಕ್ಕೆ ಕಳಿಸಿದಾಗ, ಪ್ರಿಂಟಿಂಗ್ ಖರ್ಚಿನಲ್ಲಿ ಪಾಲು ಕೊಟ್ಟರೆ ಹಾಕ್ತೀವಿ ಅನ್ನೋ ಉತ್ತರ ಬಂತು. ಲೆಕ್ಚರರ್ ಸಂಬಳದಲ್ಲಿ ಅಷ್ಟು ದುಡ್ಡು ಎಲ್ಲಿಂದ ತರೋದು? ಆ ಜರ್ನಲ್‌ನಲ್ಲಿ ಕೊನೆಗೆ ಬಂದಿದ್ದು ಒಂದು ಚಿಕ್ಕ ಟಿಪ್ಪಣಿ ಮಾತ್ರ.

ಪಾಠಕ್ಕೆ ತಯಾರಾಗುವಾಗಲೇ ಎಗರ್ಟ್ ಅನ್ನೋ ಜರ್ಮನ್ ವಿಜ್ಞಾನಿಯ ಲೇಖನ ಸಾಹಾ ಕಣ್ಣಿಗೆ ಬಿತ್ತು. ಅಲ್ಲಿಂದ ಅವರಿಗೆ ಹೊಳೆದದ್ದನ್ನು ನಾವು ಪಿಯುಸಿ ಕೆಮಿಸ್ಟ್ರಿಯಿಂದಲೇ ಅರ್ಥ ಮಾಡಿಕೊಳ್ಳಬಹುದು. ಬಿಸಿ ಅನಿಲದಲ್ಲಿ ಪರಮಾಣು ಒಂದು ಎಲೆಕ್ಟ್ರಾನ್ ಕಳೆದುಕೊಂಡು ಅಯಾನ್ ಆಗುತ್ತೆ, ಅಯಾನ್ ಮತ್ತೆ ಎಲೆಕ್ಟ್ರಾನ್ ಹಿಡಿದು ಪರಮಾಣು ಆಗುತ್ತೆ. ಇದು ಎರಡೂ ಕಡೆ ನಡೆಯುವ ಕ್ರಿಯೆ. ತಾಪ ಹೆಚ್ಚಾದರೆ ಅಯಾನ್ ಜಾಸ್ತಿ, ಒತ್ತಡ ಕಡಿಮೆ ಆದರೂ ಅಯಾನ್ ಜಾಸ್ತಿ. ಪರಮಾಣುವಿನ ಗೆರೆ ಬೇರೆ, ಅದರ ಅಯಾನಿನ ಗೆರೆ ಬೇರೆ. ಅಂದ್ರೆ ಗೆರೆ ನೋಡಿ ನಕ್ಷತ್ರದ ತಾಪ ಹೇಳಬಹುದು. ಎರಡು ನಕ್ಷತ್ರಗಳ ಗೆರೆಗಳು ಬೇರೆ ಬೇರೆ ಇದ್ದ ಮಾತ್ರಕ್ಕೆ ಅವು ಬೇರೆ ಬೇರೆ ವಸ್ತುವಿನಿಂದ ಆದವು ಅಂತ ಅಲ್ಲ, ಅವುಗಳ ಬಿಸಿ ಬೇರೆ ಇರಬಹುದು ಅಷ್ಟೇ.

1920ರಲ್ಲಿ ಇದು ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜೀನ್‌ನಲ್ಲಿ ಪ್ರಕಟವಾಯಿತು. ಸೂರ್ಯನ ಬೆಳಕಿನಲ್ಲಿ ರುಬಿಡಿಯಂ ಗೆರೆ ಯಾಕೆ ಕಾಣಲ್ಲ ಅನ್ನೋದಕ್ಕೂ ಸಾಹಾ ಕಾರಣ ಕೊಟ್ಟರು. ರುಬಿಡಿಯಂ ಬಹಳ ಸುಲಭವಾಗಿ ಎಲೆಕ್ಟ್ರಾನ್ ಬಿಟ್ಟುಕೊಡುತ್ತೆ, ಆ ಬಿಸಿಗೆ ಹೆಚ್ಚುಕಮ್ಮಿ ಎಲ್ಲವೂ ಅಯಾನ್ ಆಗಿರುತ್ತೆ. ಹಾಗಾದರೆ ಸ್ವಲ್ಪ ತಣ್ಣಗಿರುವ ಸೂರ್ಯಕಲೆಗಳಲ್ಲಿ ಅದು ಕಾಣಬೇಕು ಅಂತ ಹೇಳಿದರು. ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್‌ನಲ್ಲಿ ರಸೆಲ್ ಹುಡುಕಿದಾಗ ಅದು ಸಿಕ್ಕೇ ಬಿಟ್ಟಿತು. 1925ರಲ್ಲಿ ಸಿಸಿಲಿಯಾ ಪೇನ್ ನಕ್ಷತ್ರಗಳಲ್ಲಿ ಹೈಡ್ರೋಜನ್ ಎಲ್ಲಕ್ಕಿಂತ ಹೆಚ್ಚು ಅಂತ ಕಂಡುಕೊಂಡಿದ್ದೂ ಇದೇ ಸಾಹಾ ಸಮೀಕರಣ ಹಿಡಿದು.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಸಮೀಕರಣ ಕಲ್ಕತ್ತಾದ್ದು, ಪರೀಕ್ಷೆ ಮಾಡಿದ್ದು ಬೇರೆಯವರು. ಪ್ರಯೋಗ ಮಾಡೋಕೆ ಸಾಹಾ ಲಂಡನ್ನಿನಲ್ಲಿ ಫೌಲರ್ ಅವರ ಲ್ಯಾಬ್‌ಗೆ, ಆಮೇಲೆ ಬರ್ಲಿನ್‌ನಲ್ಲಿ ನೆರ್ನ್‌ಸ್ಟ್ ಅವರ ಲ್ಯಾಬ್‌ಗೆ ಹೋಗಬೇಕಾಯ್ತು. 1921ರಲ್ಲಿ ವಾಪಸ್ ಬಂದರೆ ಕಲ್ಕತ್ತಾದಲ್ಲಿ ಸಂಶೋಧನೆಗೆ ಹಣ ಇಲ್ಲ. 1923ರಲ್ಲಿ ಅಲಹಾಬಾದ್‌ಗೆ ಪ್ರೊಫೆಸರ್ ಆಗಿ ಹೋದರು. ಅಲ್ಲೂ ಲ್ಯಾಬ್ ಅನ್ನೋದು ಹೆಸರಿಗೆ ಮಾತ್ರ, ಪಾಠದ ಹೊರೆ ವಿಪರೀತ. 1927ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದ ಮೇಲೆ ಅಷ್ಟಿಷ್ಟು ಅನುದಾನ ಸಿಕ್ಕಿತು. ಅಷ್ಟರಲ್ಲೇ ಡಿಪಾರ್ಟ್‌ಮೆಂಟ್ ಕಟ್ಟಿದರು, ವಿದ್ಯಾರ್ಥಿಗಳನ್ನು ಬೆಳೆಸಿದರು.

ಬೇರೆ ಯಾರಾದರೂ ಆಗಿದ್ದರೆ ವಿದೇಶಕ್ಕೆ ಹೋಗಿ ಸೆಟ್ಲ್ ಆಗ್ತಿದ್ದರೇನೋ. ಸಾಹಾ ಮಾಡಿದ್ದು ಬೇರೆ. ತಮಗೆ ಸಿಗದ್ದು ಮುಂದಿನವರಿಗೆ ಸಿಗಲಿ ಅಂತ ಹೊರಟರು. 1935ರಲ್ಲಿ ಸೈನ್ಸ್ ಅಂಡ್ ಕಲ್ಚರ್ ಪತ್ರಿಕೆ ಶುರು ಮಾಡಿ ನದಿ, ಪ್ರವಾಹ, ವಿದ್ಯುತ್, ಕೈಗಾರಿಕೆ ಎಲ್ಲದರ ಬಗ್ಗೆ ಬರೆದರು. ನೀರಿನ ನಾಡಿನಲ್ಲಿ ಹುಟ್ಟಿದವರಿಗೆ ಪ್ರವಾಹ ಅಂದರೆ ಪುಸ್ತಕದ ವಿಷಯ ಅಲ್ಲ. ದಾಮೋದರ ಕಣಿವೆ ಯೋಜನೆಯ ಹಿಂದೆ ಅವರ ಬರಹಗಳೂ ಇವೆ. 1938ರಲ್ಲಿ ಸುಭಾಷ್‌ಚಂದ್ರ ಬೋಸ್ ಕಾಂಗ್ರೆಸ್ ಅಧ್ಯಕ್ಷರಾಗಿದ್ದಾಗ ರಾಷ್ಟ್ರೀಯ ಯೋಜನಾ ಸಮಿತಿ ಬಂತು. ಅದರ ಅಧ್ಯಕ್ಷತೆಗೆ ಮೊದಲು ಕೇಳಿಬಂದ ಹೆಸರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರದು. ರಾಜಕೀಯ ಬಲ ಇರುವ ನಾಯಕರು ಇದ್ದರೆ ಕೆಲಸ ಆಗುತ್ತೆ ಅನ್ನೋದು ಸಾಹಾ ವಾದ. ವಿಶ್ವೇಶ್ವರಯ್ಯನವರು ದೊಡ್ಡ ಮನಸ್ಸಿನಿಂದ ಬಿಟ್ಟುಕೊಟ್ಟರು, ನೆಹರೂ ಅಧ್ಯಕ್ಷರಾದರು.

ಅದೇ ವರ್ಷ ಸಾಹಾ ಕಲ್ಕತ್ತಾಗೆ ಮರಳಿದರು. ಪರಮಾಣುವಿನ ಒಳಗಿನ ನ್ಯೂಕ್ಲಿಯಸ್ ಅಧ್ಯಯನಕ್ಕೆ ಸೈಕ್ಲೋಟ್ರಾನ್ ಬೇಕು ಅಂತ ವರ್ಷಗಟ್ಟಲೆ ಓಡಾಡಿದರು. 1950ರಲ್ಲಿ ಅವರ ಇನ್‌ಸ್ಟಿಟ್ಯೂಟ್ ಆಫ್ ನ್ಯೂಕ್ಲಿಯರ್ ಫಿಸಿಕ್ಸ್ ಉದ್ಘಾಟನೆ ಆಯ್ತು. ಸಂಶೋಧನೆ ಯೂನಿವರ್ಸಿಟಿಗಳಲ್ಲಿ, ಹುಡುಗರ ನಡುವೆ ಬೆಳೆಯಬೇಕು ಅನ್ನೋದು ಅವರ ಹಠ. ಈ ವಿಷಯದಲ್ಲಿ ಸರ್ಕಾರದ ಜೊತೆಗೂ ಜಗಳ ಆಡಿದರು. 1952ರಲ್ಲಿ ಸ್ವತಂತ್ರವಾಗಿ ನಿಂತು ಲೋಕಸಭೆಗೆ ಗೆದ್ದರು. ಕ್ಯಾಲೆಂಡರ್ ಸುಧಾರಣಾ ಸಮಿತಿಗೂ ಅವರೇ ಅಧ್ಯಕ್ಷರು. ಆ ಸಮಿತಿ ಸೂಚಿಸಿದ ಶಕ ಪಂಚಾಂಗ 1957ರಲ್ಲಿ ರಾಷ್ಟ್ರೀಯ ಕ್ಯಾಲೆಂಡರ್ ಆಯ್ತು. ಅದನ್ನು ನೋಡಲು ಅವರು ಇರಲಿಲ್ಲ. 1956ರ ಫೆಬ್ರವರಿ 16ರಂದು ದೆಹಲಿಯಲ್ಲಿ ಯೋಜನಾ ಆಯೋಗದ ಕಚೇರಿಗೆ ಹೋಗುವ ದಾರಿಯಲ್ಲಿ ಕುಸಿದು ಬಿದ್ದು ತೀರಿಕೊಂಡರು.

ನೊಬೆಲ್‌ಗೆ ಹಲವು ಸಲ ಹೆಸರು ಹೋಗಿತ್ತು, ಬರಲಿಲ್ಲ. ಆದರೆ ಕಲ್ಕತ್ತಾದಲ್ಲಿ ಅವರು ಕಟ್ಟಿದ ಸಂಸ್ಥೆ ಈಗ ಅವರ ಹೆಸರಿನಲ್ಲೇ ಇದೆ. ಲ್ಯಾಬ್ ಇಲ್ಲದ ಪ್ರೊಫೆಸರ್ ಕಟ್ಟಿದ ಲ್ಯಾಬ್‌ನಲ್ಲಿ ಇವತ್ತೂ ನಮ್ಮ ವಯಸ್ಸಿಗಿಂತ ನಾಲ್ಕೈದು ವರ್ಷ ದೊಡ್ಡವರು ಕೂತು ಕೆಲಸ ಮಾಡ್ತಿದ್ದಾರೆ.