ರೋಜರ್ ವಿಲಿಯಮ್ಸ್

ಮಕ್ಕಳೇ, ದೇವಸ್ಥಾನ, ಮಸೀದಿ, ಚರ್ಚುಗಳನ್ನು ನೀವು ನೋಡಿದ್ದೀರಿ. ಜನರು ತಮಗೆ ಇಷ್ಟವಾದ ಕಡೆ ಹೋಗಿ ಪ್ರಾರ್ಥಿಸುತ್ತಾರೆ. ಆದರೆ ಸುಮಾರು ನಾನೂರು ವರ್ಷಗಳ ಹಿಂದೆ ಯುರೋಪಿನ ಹೆಚ್ಚಿನ ದೇಶಗಳಲ್ಲಿ ಹೀಗಿರಲಿಲ್ಲ. ಅರಸನ ಮತವನ್ನೇ ಪ್ರಜೆಗಳೂ ಅನುಸರಿಸಬೇಕಿತ್ತು. ಇಂಗ್ಲೆಂಡಿನಲ್ಲಿ ಅರಸನ ಚರ್ಚಿಗೆ ಹೋಗದವರು ದಂಡ ತೆರಬೇಕಿತ್ತು.

ಅಂಥ ಕಾಲದಲ್ಲಿ, 1603ರ ಸುಮಾರಿಗೆ, ರೋಜರ್ ವಿಲಿಯಮ್ಸ್ ಲಂಡನ್ನಿನಲ್ಲಿ ಹುಟ್ಟಿದರು. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಓದಿದರು. ಹಲವು ಭಾಷೆಗಳನ್ನು ಕಲಿತು ಪಾದ್ರಿಯಾದರು. ಅರಸನ ಚರ್ಚಿನ ಕಟ್ಟುಪಾಡುಗಳು ಅವರಿಗೆ ಹಿಡಿಸಲಿಲ್ಲ. ಹೆಂಡತಿ ಮೇರಿಯೊಡನೆ ಹಡಗು ಹತ್ತಿ, 1631ರಲ್ಲಿ ಅಮೆರಿಕದ ಬಾಸ್ಟನ್ ಸೇರಿದರು.

ಬಾಸ್ಟನ್ನಿನ ಸುತ್ತಲಿನ ಮ್ಯಾಸಚೂಸೆಟ್ಸ್ ಪ್ರಾಂತವನ್ನು ಆಳುತ್ತಿದ್ದವರು ಪ್ಯೂರಿಟನ್ನರು. ಇಂಗ್ಲೆಂಡಿನಲ್ಲಿ ಕಷ್ಟಪಟ್ಟು ಬಂದಿದ್ದ ಅವರೂ ಇಲ್ಲಿ ಎಲ್ಲರೂ ತಮ್ಮ ಚರ್ಚಿಗೇ ಬರಬೇಕೆಂದು ಕಾನೂನು ಮಾಡಿದ್ದರು! ವಿಲಿಯಮ್ಸ್ ಇದನ್ನು ಒಪ್ಪಲಿಲ್ಲ. ಕಳ್ಳತನ, ಕೊಲೆ ತಡೆಯುವುದು ಸರ್ಕಾರದ ಕೆಲಸ, ಮನಸ್ಸಿನ ನಂಬಿಕೆಯನ್ನು ಆಳುವುದು ಅದರ ಕೆಲಸವಲ್ಲ ಎಂದು ಅವರು ಬೋಧಿಸಿದರು. ಮೂಲನಿವಾಸಿಗಳ ನೆಲವನ್ನು ದಾನ ಮಾಡಲು ಇಂಗ್ಲೆಂಡಿನ ಅರಸನಿಗೆ ಹಕ್ಕಿಲ್ಲವೆಂದೂ ಹೇಳಿದರು.

ಅಧಿಕಾರಿಗಳಿಗೆ ಕೋಪ ಬಂತು. 1635ರಲ್ಲಿ ನ್ಯಾಯಾಲಯವು ಅವರಿಗೆ ಗಡೀಪಾರು ಶಿಕ್ಷೆ ವಿಧಿಸಿತು. ಅವರನ್ನು ಹಿಡಿದು ಇಂಗ್ಲೆಂಡಿಗೆ ಕಳುಹಿಸುವ ಸಿದ್ಧತೆಯೂ ನಡೆಯಿತು. 1636ರ ಜನವರಿಯಲ್ಲಿ ವಿಲಿಯಮ್ಸ್ ಮನೆ ಬಿಟ್ಟು ಹೊರಟರು. ಮನೆಯಲ್ಲಿ ಹೆಂಡತಿ ಮತ್ತು ಇಬ್ಬರು ಪುಟ್ಟ ಹೆಣ್ಣುಮಕ್ಕಳು ಉಳಿದರು. ಹೊರಗೆ ಹಿಮ ಸುರಿಯುತ್ತಿತ್ತು, ಎಲ್ಲೆಲ್ಲೂ ಕಾಡು. ಆಗ ಅವರಿಗೆ ಆಸರೆ ಕೊಟ್ಟವರು ಯಾರು ಗೊತ್ತೇ? ಮೂಲನಿವಾಸಿಗಳು! ವಿಲಿಯಮ್ಸ್ ಅವರ ಭಾಷೆಯನ್ನು ಕಲಿತು ಸ್ನೇಹ ಬೆಳೆಸಿದ್ದರು. ಮುಂದೆ 1643ರಲ್ಲಿ ಆ ಭಾಷೆಯ ಬಗ್ಗೆ ಪುಸ್ತಕವನ್ನೂ ಪ್ರಕಟಿಸಿದರು.

ನ್ಯಾರಗಾನ್ಸೆಟ್ ಜನರ ಮುಖಂಡರಿಂದ ನೆಲ ಪಡೆದು, 1636ರಲ್ಲಿಯೇ ಅವರು ಒಂದು ಊರು ಕಟ್ಟಿದರು. ಅದಕ್ಕೆ ದೈವಕೃಪೆ ಎಂಬ ಅರ್ಥದ ಪ್ರಾವಿಡೆನ್ಸ್ ಎಂಬ ಹೆಸರಿಟ್ಟರು. ಅಲ್ಲಿ ಯಾರನ್ನೂ ಮತದ ಕಾರಣಕ್ಕೆ ಶಿಕ್ಷಿಸುವಂತಿರಲಿಲ್ಲ. ಆ ಊರನ್ನು ಒಳಗೊಂಡ ರೋಡ್ ಐಲೆಂಡ್ ಪ್ರಾಂತಕ್ಕೆ ಯಹೂದಿಗಳೂ ಕ್ವೇಕರರೂ ಬಂದು ನೆಲೆಸಿದರು.

ಕ್ವೇಕರರ ವಿಚಾರಗಳು ವಿಲಿಯಮ್ಸರಿಗೆ ಸ್ವಲ್ಪವೂ ಹಿಡಿಸುತ್ತಿರಲಿಲ್ಲ. ಬಾಸ್ಟನ್ನಿನಲ್ಲಿ ಕ್ವೇಕರರನ್ನು ಗಲ್ಲಿಗೇರಿಸಿದ್ದರು. ವಿಲಿಯಮ್ಸ್ ಮಾಡಿದ್ದೇನು? 1672ರಲ್ಲಿ, ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ, ತಾವೇ ದೋಣಿಗೆ ಹುಟ್ಟು ಹಾಕುತ್ತ ನ್ಯೂಪೋರ್ಟ್ ಊರಿಗೆ ಹೋದರು. ಅಲ್ಲಿ ಕ್ವೇಕರರೊಡನೆ ದಿನಗಟ್ಟಲೆ ವಾದ ಮಾಡಿದರು. ಆದರೆ ಅವರನ್ನು ಊರು ಬಿಡಿಸಲಿಲ್ಲ, ಸೆರೆಗೆ ಹಾಕಿಸಲಿಲ್ಲ.

1683ರಲ್ಲಿ ವಿಲಿಯಮ್ಸ್ ತೀರಿಕೊಂಡರು. 1791ರಲ್ಲಿ ಅಮೆರಿಕದ ಸಂವಿಧಾನಕ್ಕೆ ಒಂದು ತಿದ್ದುಪಡಿ ಸೇರಿತು. ಕೇಂದ್ರ ಸರ್ಕಾರವು ಯಾವ ಮತವನ್ನೂ ದೇಶದ ಮತವನ್ನಾಗಿ ಮಾಡಬಾರದು ಎಂದು ಅದು ವಿಧಿಸಿತು. ಇಂಗ್ಲೆಂಡಿನಲ್ಲಾದರೋ ಇಂದಿಗೂ ಅರಸರೇ ಅಲ್ಲಿನ ಅಧಿಕೃತ ಚರ್ಚಿನ ಮುಖ್ಯಸ್ಥರು. ಆದರೂ ಅಲ್ಲಿಯೂ ಈಗ ಜನರು ತಮಗೆ ಬೇಕಾದ ಮತವನ್ನು ಅನುಸರಿಸಬಹುದು.

ಮಕ್ಕಳೇ, ತಮ್ಮಂತೆ ಯೋಚಿಸುವವರಿಗೆ ಜಾಗ ಕೊಡುವುದು ಸುಲಭ. ತಾವು ಒಪ್ಪದವರಿಗೂ ವಿಲಿಯಮ್ಸ್ ತಮ್ಮ ಊರಿನಲ್ಲಿ ಜಾಗ ಕೊಟ್ಟರು. ಅದಕ್ಕಾಗಿಯೇ ಜನರು ಅವರನ್ನು ಇಂದಿಗೂ ನೆನೆಯುತ್ತಾರೆ.