ಪ್ಲೇಗು, ಕುಷ್ಠ ಎರಡಕ್ಕೂ ಬಾಗಿಲು ತೆರೆದ ಕಂಕನಾಡಿಯ ಫಾದರ್ ಮುಲ್ಲರ್

ಗುಂಜಹಳ್ಳಿ: ನವೆಂಬರ್ 1 ಬಂತೆಂದರೆ ರಾಯಚೂರು ಜಿಲ್ಲೆಯ ಊರೂರಲ್ಲೂ ಕನ್ನಡ ರಾಜ್ಯೋತ್ಸವ. ಆಟೊ, ಟಂಟಂಗಳಿಗೆಲ್ಲ ಹಳದಿ ಕೆಂಪು ಬಾವುಟ, ಶಾಲೆ ಮಕ್ಕಳ ಮೆರವಣಿಗೆ, ಬಜಾರಿನಲ್ಲಿ ಮೈಕಿನ ಹಾಡು. ಕ್ಯಾಥೊಲಿಕ್ ಚರ್ಚುಗಳಲ್ಲಿ ಅದೇ ದಿನ ಸಕಲ ಸಂತರ ಹಬ್ಬ. 1910ರ ನವೆಂಬರ್ 1ರಂದು, ಅಂದರೆ ರಾಜ್ಯೋತ್ಸವ ಅನ್ನೋದು ಹುಟ್ಟುವುದಕ್ಕೆ ಎಷ್ಟೋ ಮೊದಲು, ಮಂಗಳೂರಿನಲ್ಲಿ ಒಬ್ಬ ಜರ್ಮನ್ ಪಾದ್ರಿ ತೀರಿಕೊಂಡರು. ಹೆಸರು ಅಗಸ್ಟಸ್ ಮುಲ್ಲರ್.

ಕೂಲಿಗೆ, ಕಾಲೇಜಿಗೆ, ನರ್ಸಿಂಗ್ ಓದಿಗೆ ಅಂತ ಈ ಕಡೆಯಿಂದ ಮಂಗಳೂರಿಗೆ ಹೋದವರು ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯ ಬೋರ್ಡು ನೋಡಿರುತ್ತಾರೆ. ಮುಲ್ಲರ್ ಅಂದ್ರೆ ಯಾರೋ ದೊಡ್ಡ ಡಾಕ್ಟರು ಇರಬೇಕು ಅಂದುಕೊಳ್ಳುವವರೇ ಹೆಚ್ಚು. ಅವರು ಮಂಗಳೂರಿಗೆ ಬಂದದ್ದು ದವಾಖಾನೆ ಕಟ್ಟಲು ಅಲ್ಲ, ಮಕ್ಕಳಿಗೆ ಪಾಠ ಹೇಳಲು.

1841ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತ್ಯದ ಮ್ಯೂನ್‌ಸ್ಟರ್‌ನಲ್ಲಿ ಹುಟ್ಟಿದ ಮುಲ್ಲರ್ ಯೇಸು ಸಭೆಗೆ, ಅಂದರೆ ಜೆಸ್ವಿಟ್ ಪಾದ್ರಿಗಳ ಸಂಘಕ್ಕೆ ಸೇರಿದವರು. ಲಿಂಗಸುಗೂರು ತಾಲ್ಲೂಕಿನ ಮುದಗಲ್ ಚರ್ಚಿನ ಕಥೆ ಬಲ್ಲವರಿಗೆ ಈ ಸಂಘದ ಹೆಸರು ಹೊಸದಲ್ಲ, 16ನೇ ಶತಮಾನದಲ್ಲೇ ಅವರು ಅಲ್ಲಿಗೆ ಕಾಲಿಟ್ಟಿದ್ದರು. ಮಂಗಳೂರಿನ ಕ್ಯಾಥೊಲಿಕರು ತಮ್ಮ ಮಕ್ಕಳಿಗೆ ಒಳ್ಳೆಯ ಕಾಲೇಜು ಬೇಕೆಂದು ರೋಮ್‌ವರೆಗೂ ಮೊರೆ ಇಟ್ಟಿದ್ದರಿಂದ 1878ರ ಡಿಸೆಂಬರ್ 31ರಂದು ಜೆಸ್ವಿಟ್ ಪಾದ್ರಿಗಳ ತಂಡ ಆ ಊರಿಗೆ ಬಂತು. ಅದರಲ್ಲಿ ಮುಲ್ಲರ್ ಒಬ್ಬರು. ಒಂದೇ ವರ್ಷದಲ್ಲಿ, 1880ರ ಜನವರಿಯಲ್ಲಿ, ಸೇಂಟ್ ಅಲೋಶಿಯಸ್ ಕಾಲೇಜು ಶುರುವಾಯಿತು.

ಪಾಠದ ಜೊತೆಗೆ ಮುಲ್ಲರ್ ಬಳಿ ಇನ್ನೊಂದು ವಿದ್ಯೆ ಇತ್ತು, ಹೋಮಿಯೋಪಥಿ. ಕೈಯಲ್ಲಿದ್ದದ್ದು ಒಂದು ಸಣ್ಣ ಔಷಧಿ ಪೆಟ್ಟಿಗೆ. ಮೊದಲು ಕಾಲೇಜಿನ ಹುಡುಗರಿಗೆ ಕೊಟ್ಟರು, ಆಮೇಲೆ ಬಡವರು ಬರತೊಡಗಿದರು. 1880ರಲ್ಲಿ ಕಂಕನಾಡಿಯ ಆಲದ ಮರದ ಕೆಳಗೆ ಗುಳಿಗೆ ಹಂಚಲು ಕೂತರು ಅಂತ ಅಲ್ಲಿನವರು ಇಂದಿಗೂ ಹೇಳುತ್ತಾರೆ. ಅದಕ್ಕೆ ಬಡವರ ಹೋಮಿಯೋಪಥಿ ಔಷಧಾಲಯ ಅಂತಲೇ ಹೆಸರಾಯಿತು.

ವ್ಯಾಪಾರಸ್ಥರು ಗಮನಿಸಬೇಕಾದ ಸಂಗತಿ ಒಂದಿದೆ. ಪುಕ್ಕಟೆ ಔಷಧಿ ಕೊಡುತ್ತ ಕೂತರೆ ಪೆಟ್ಟಿಗೆ ಎಷ್ಟು ದಿನ ಬಂದೀತು? ಮುಲ್ಲರ್ ಹೊರದೇಶದಿಂದ ಔಷಧಿ ತರಿಸಿ, ದೇಶದ ಬೇರೆ ಬೇರೆ ಊರುಗಳಿಗೆ ಅಂಚೆಯಲ್ಲಿ ಕಳಿಸಿ ಮಾರಿದರು. ಕೊಳ್ಳುವ ಶಕ್ತಿ ಇದ್ದವರಿಂದ ಬಂದ ಹಣ ಕೊಳ್ಳಲಾಗದವರ ಖರ್ಚಿಗೆ ಹೋಯಿತು. ಮುಂದೆ ಆಸ್ಪತ್ರೆಗೂ ಆಶ್ರಮಕ್ಕೂ ಈ ಹಣ ಆಧಾರವಾಯಿತು. ಚಂದಾ ಎತ್ತಿ ಮಾತ್ರ ಧರ್ಮಕಾರ್ಯ ನಡೆಯಬೇಕು ಅನ್ನೋರಿಗೆ ಇದೊಂದು ಬೇರೆ ದಾರಿ.

ಗುಳಿಗೆಯ ಬಗ್ಗೆ ಒಂದು ಮಾತು ನೇರವಾಗಿ ಹೇಳಬೇಕು. ಇಂದಿನ ವೈದ್ಯ ವಿಜ್ಞಾನ ಹೋಮಿಯೋಪಥಿಯ ಸಿಹಿ ಗುಳಿಗೆಯನ್ನು ಪ್ಲೇಗಿಗೋ ಕುಷ್ಠಕ್ಕೋ ಮದ್ದು ಅಂತ ಒಪ್ಪುವುದಿಲ್ಲ. ಆದರೆ ಆಗ ಈ ಎರಡು ರೋಗಗಳಿಗೆ ನೆಟ್ಟಗೆ ಗುಣ ಮಾಡುವ ಔಷಧಿ ಯಾವ ಪದ್ಧತಿಯಲ್ಲೂ ಇರಲಿಲ್ಲ. ಮುಲ್ಲರ್ ಬಳಿ ಬಂದವರನ್ನು ಉಳಿಸಿದ್ದರಲ್ಲಿ ಗುಳಿಗೆಯ ಪಾಲಿಗಿಂತ ತಲೆ ಮೇಲಿನ ಸೂರು, ಹೊತ್ತಿಗೆ ಅನ್ನ, ಶುದ್ಧ ನೀರು, ತೊಳೆದು ಕಟ್ಟಿದ ಗಾಯ, ಇವುಗಳ ಪಾಲೇ ದೊಡ್ಡದಿರಬೇಕು.

ಕುಷ್ಠರೋಗಿಗಳ ಆಶ್ರಮ ಶುರುವಾದದ್ದು 1890ರಲ್ಲಿ. ಅದರ ಹಿಂದಿನ ವರ್ಷವಷ್ಟೇ, ಹವಾಯಿ ದ್ವೀಪಗಳ ಮೊಲೊಕಾಯ್‌ನಲ್ಲಿ ಕುಷ್ಠರೋಗಿಗಳ ನಡುವೆ ಬದುಕಿದ ಫಾದರ್ ಡೇಮಿಯನ್ ಅದೇ ರೋಗದಿಂದ ಸತ್ತಿದ್ದರು. ಆ ಸುದ್ದಿ ಜಗತ್ತಿನ ಚರ್ಚುಗಳನ್ನೆಲ್ಲ ತಟ್ಟಿತ್ತು. ರೋಗಿಗಳ ಜೊತೆ ಇದ್ದರೆ ಏನಾಗಬಹುದು ಅನ್ನೋದು ಆ ಕಾಲದ ಪಾದ್ರಿಗಳಿಗೆ ಚೆನ್ನಾಗಿ ಗೊತ್ತಿತ್ತು. ಇತ್ತ ಬ್ರಿಟಿಷ್ ಸರ್ಕಾರ 1898ರಲ್ಲಿ ಒಂದು ಕಾಯ್ದೆಯನ್ನೇ ತಂದು, ಭಿಕ್ಷೆ ಬೇಡುವ ಕುಷ್ಠರೋಗಿಗಳನ್ನು ಹಿಡಿದು ಒಳಗಿಡುವ ಅಧಿಕಾರ ಕೊಟ್ಟಿತು. ಆ ಕಾಯ್ದೆ ರದ್ದಾಗಿದ್ದು 2016ರಲ್ಲಿ ಅಂದ್ರೆ ನಂಬೋದು ಕಷ್ಟ.

ಬೈಬಲ್ ಓದುವ ಮನೆಗಳಿಗೆ ಈ ರೋಗದ ಕಥೆ ಹಳೆಯದು. ಯಾಜಕಕಾಂಡದಲ್ಲಿ ಚರ್ಮದ ಮೇಲೆ ಕಲೆ ಕಂಡರೆ ಯಾಜಕ ನೋಡಬೇಕು, ಏಳು ದಿನ ಬೇರೆ ಇಟ್ಟು ಮತ್ತೆ ನೋಡಬೇಕು, ರೋಗ ಅಂತ ಖಾತ್ರಿಯಾದರೆ ಪಾಳೆಯದ ಹೊರಗೆ ವಾಸ. ಸುವಾರ್ತೆಗೆ ಬಂದರೆ ಯೇಸು ಮೊದಲು ಮಾಡುವುದು ಅಂಥವನನ್ನು ಕೈ ಚಾಚಿ ಮುಟ್ಟುವುದು. ಗುಣವಾದ ಮೇಲೆ ಅವನನ್ನು ಯಾಜಕನ ಬಳಿಗೇ ಕಳಿಸುತ್ತಾನೆ, ಊರು ಅವನನ್ನು ವಾಪಸ್ ಸೇರಿಸಿಕೊಳ್ಳಬೇಕಲ್ಲ, ಅದಕ್ಕೆ. ಕಂಕನಾಡಿಯ ಆಶ್ರಮ ಈ ಎರಡರ ನಡುವೆ ನಿಂತಿತ್ತು. ರೋಗಿ ಊರಿನಿಂದ ಬೇರೆಯಾಗಿ ಇರುತ್ತಿದ್ದ, ಆದರೆ ಮುಟ್ಟುವವರು, ಅನ್ನ ಹಾಕುವವರು, ಹೆಸರು ಹಿಡಿದು ಕರೆಯುವವರು ಅಲ್ಲಿ ಇದ್ದರು.

ಮುಲ್ಲರ್ ಆಶ್ರಮ ಕಟ್ಟುವ ಹೊತ್ತಿಗೆ ಈ ರೋಗದ ಸೂಕ್ಷ್ಮಜೀವಿ ಪತ್ತೆಯಾಗಿ 17 ವರ್ಷವಾಗಿತ್ತು. 1873ರಲ್ಲಿ ನಾರ್ವೆಯ ವೈದ್ಯ ಹ್ಯಾನ್ಸನ್ ಅದನ್ನು ಕಂಡಿದ್ದರು. ಇದು ಪಾಪದ ಫಲವಲ್ಲ, ಶಾಪವಲ್ಲ, ವಂಶದಿಂದ ಬರುವುದೂ ಅಲ್ಲ ಅನ್ನೋದು ಆಗಲೇ ಗೊತ್ತಾಗಿತ್ತು. ಮದ್ದು ಮಾತ್ರ ಇರಲಿಲ್ಲ. ಚಾಲ್ಮೂಗ್ರ ಎಣ್ಣೆ ಹಚ್ಚುವುದು, ಕುಡಿಸುವುದು, ಅಷ್ಟೇ.

ಈಗ ಹಾಗಲ್ಲ. ಆದರೂ ಹಳ್ಳಿಗಳಲ್ಲಿ ಮಚ್ಚೆ ಮುಚ್ಚಿಟ್ಟುಕೊಂಡು ಓಡಾಡುವವರು ಇಂದಿಗೂ ಇದ್ದಾರೆ. ಮಗಳ ಮದುವೆ ನಿಂತೀತು, ಅಂಗಡಿಗೆ ಗಿರಾಕಿ ಬರಲಿಕ್ಕಿಲ್ಲ ಅನ್ನೋ ಹೆದರಿಕೆ. ಮೈಮೇಲೆ ತಿಳಿಬಿಳಿ ಇಲ್ಲವೇ ತಾಮ್ರ ಬಣ್ಣದ ಮಚ್ಚೆ, ಅದಕ್ಕೆ ತುರಿಕೆ ಇಲ್ಲ, ನೋವಿಲ್ಲ, ಮುಟ್ಟಿದರೆ ಗೊತ್ತಾಗುವುದಿಲ್ಲ ಅಂದ್ರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಬೇಕು. ಅಚ್ಚ ಬಿಳಿ ತೊನ್ನು ಬೇರೆ, ಅದು ಕುಷ್ಠವಲ್ಲ, ಅಂಟುವುದೂ ಇಲ್ಲ. ಕುಷ್ಠಕ್ಕೆ ಬಹು ಔಷಧಿ ಚಿಕಿತ್ಸೆ ಇದೆ, ಪೂರ್ತಿ ಉಚಿತ, ರೋಗದ ಹಂತ ನೋಡಿ 6 ಇಲ್ಲವೇ 12 ತಿಂಗಳು. ಗುಳಿಗೆ ಶುರು ಮಾಡಿದ ಸ್ವಲ್ಪ ದಿನಕ್ಕೇ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ. ಮನೆ ಬಿಡಬೇಕಾಗಿಲ್ಲ, ತಟ್ಟೆ ಬೇರೆ ಇಡಬೇಕಾಗಿಲ್ಲ. ತಡ ಮಾಡಿದರೆ ಮಾತ್ರ ನರ ಹಾಳಾಗಿ ಬೆರಳು ಮಡಚುತ್ತವೆ. ಮಡಚಿದ ಬೆರಳನ್ನು ಗುಳಿಗೆಯೊಂದೇ ಬಿಡಿಸುವುದಿಲ್ಲ. ಪ್ರತಿ ವರ್ಷ ಜನವರಿ 30ರಂದು ಶುರುವಾಗುವ ಸ್ಪರ್ಶ್ ಆಂದೋಲನದಲ್ಲಿ ಹೇಳುವುದೂ ಇದನ್ನೇ. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು ಕೇಳಿದಾಗ ಏನಿಲ್ಲಕ್ಕ ಅಂತ ಕಳಿಸಿಬಿಡುವವರು ಬೆನ್ನನ್ನಾದರೂ ಒಮ್ಮೆ ತೋರಿಸುವುದು ಒಳ್ಳೆಯದು. ತನ್ನ ಬೆನ್ನು ಯಾರಿಗೂ ತನಗೆ ಕಾಣುವುದಿಲ್ಲ.

ಕಾಲಿನ ವಿಷಯವೂ ಅಷ್ಟೇ. ರೋಗ ಬೆರಳನ್ನು ತಿನ್ನುತ್ತದೆ ಅಂತ ಜನ ಬಹುಕಾಲ ನಂಬಿದ್ದರು. ಸ್ಪರ್ಶ ಹೋದ ಕಾಲಿಗೆ ಮುಳ್ಳು ಚುಚ್ಚಿದ್ದು ಗೊತ್ತಾಗದೆ, ಬೆಂಕಿ ತಾಗಿದ್ದು ಗೊತ್ತಾಗದೆ ಗಾಯ ಕೊಳೆತು ಬೆರಳು ಹೋಗುತ್ತವೆ ಅನ್ನೋದನ್ನು 20ನೇ ಶತಮಾನದ ನಡುವೆ ವೆಲ್ಲೂರಿನ ಕ್ರೈಸ್ತ ಆಸ್ಪತ್ರೆಯ ಡಾಕ್ಟರ್ ಪಾಲ್ ಬ್ರ್ಯಾಂಡ್ ತೋರಿಸಿಕೊಟ್ಟರು. ದಿನಾ ರಾತ್ರಿ ಅಂಗಾಲು ನೋಡಿಕೊಳ್ಳುವುದು, ತಣ್ಣೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ಎಣ್ಣೆ ಸವರುವುದು, ಮೆತ್ತನೆಯ ಚಪ್ಪಲಿ ಹಾಕುವುದು. ಸಕ್ಕರೆ ಕಾಯಿಲೆಯವರೂ ದಿನಾ ಅಂಗಾಲು ನೋಡಿಕೊಳ್ಳಬೇಕು, ಮೆತ್ತನೆಯ ಚಪ್ಪಲಿ ಹಾಕಬೇಕು. ಪವಿತ್ರ ಗುರುವಾರ ಚರ್ಚಿನಲ್ಲಿ ಪಾದ ತೊಳೆಯುವ ವಿಧಿ ವರ್ಷಕ್ಕೊಮ್ಮೆ ಬರುತ್ತದೆ. ಆಶ್ರಮಗಳಲ್ಲಿ ಅದು ದಿನದ ಕೆಲಸ.

ಮತ್ತೆ ಮಂಗಳೂರಿಗೆ. ಆಶ್ರಮದ ಬೆನ್ನಿಗೇ 1895ರಲ್ಲಿ ಆಸ್ಪತ್ರೆಯೂ ಬಂತು. ಮರುವರ್ಷ, 1896ರಲ್ಲಿ, ಮುಂಬಯಿಗೆ ಪ್ಲೇಗು ಬಡಿಯಿತು. ರೈಲು ಹಿಡಿದು, ದೋಣಿ ಹಿಡಿದು ಅದು ಊರಿಂದೂರಿಗೆ ಹೊರಟಿತು. ಹುಬ್ಬಳ್ಳಿ ಧಾರವಾಡಕ್ಕೆ ಬಂತು, 1898ರಲ್ಲಿ ಬೆಂಗಳೂರಿಗೆ ಬಂತು. ಆಗ ನಿಜಾಮನ ರಾಜ್ಯದಲ್ಲಿದ್ದ ಈ ಸೀಮೆಯನ್ನೂ ಬಿಡಲಿಲ್ಲ. ಇಲಿ ಬಿತ್ತು ಅಂದ್ರೆ ಸಾಕು, ಹಿರಿಯರು ಮನೆಗೆ ಅಗಳಿ ಹಾಕಿ, ಕೂಸು ಕುನ್ನಿ, ದನ ಕರು ಕಟ್ಟಿಕೊಂಡು ಹೊಲದಾಗ ಗುಡಿಸಲು ಹಾಕುತ್ತಿದ್ದರು. ಅದು ಭಯದಿಂದ ಮಾಡಿದ್ದೇ ಇರಬಹುದು, ಆದರೆ ಸರಿಯಾಗೇ ಇತ್ತು. ಸತ್ತ ಇಲಿಯ ಮೈಮೇಲಿನ ಚಿಗಟ ಹಸಿದು ಮನುಷ್ಯನ ಮೇಲೆ ಹಾರುತ್ತದೆ, ಕಚ್ಚಿ ರೋಗ ಹಚ್ಚುತ್ತದೆ. ಇದನ್ನು 1898ರಲ್ಲಿ ಕರಾಚಿಯಲ್ಲಿ ಫ್ರೆಂಚ್ ವೈದ್ಯ ಸಿಮಾಂಡ್ ಕಂಡುಹಿಡಿದಾಗ ಎಷ್ಟೋ ವಿದ್ವಾಂಸರು ನಂಬಲೇ ಇಲ್ಲ. ಇಲಿ ಬಿದ್ದ ಮನೆಯಲ್ಲಿ ಇರಬಾರದು ಅನ್ನೋದನ್ನು ಹಳ್ಳಿ ಮಂದಿ ಯಾರೂ ಹೇಳದೆ ಅರಿತಿದ್ದರು.

ಮಂಗಳೂರಿಗೆ ಅದು ಬಂದಾಗ ಮುಲ್ಲರ್‌ಗೆ 60 ದಾಟಿತ್ತು. ಆ ವಯಸ್ಸಿನಲ್ಲಿ, 1902ರಲ್ಲಿ, ಕಂಕನಾಡಿಯಲ್ಲಿ ಪ್ಲೇಗಿನವರಿಗೆಂದೇ ಬೇರೆ ಆಸ್ಪತ್ರೆ ತೆರೆದರು. ಮನೆಯವರೇ ರೋಗಿಯನ್ನು ಬಿಟ್ಟು ಓಡುತ್ತಿದ್ದ ದಿನಗಳು ಅವು. ಬೇರೆ ಕಟ್ಟಡ ಯಾಕೆ ಅಂದ್ರೆ, ಜ್ವರ ಕೆಮ್ಮು ಅಂತ ಬಂದವನಿಗೆ ಪ್ಲೇಗು ಹತ್ತಬಾರದು, ಆಶ್ರಮದವರಿಗೂ ಹತ್ತಬಾರದು. ಕೊರೊನಾ ಕಾಲದಲ್ಲಿ ಆಸ್ಪತ್ರೆಗಳಲ್ಲಿ ಬೇರೆ ವಾರ್ಡು, ಬೇರೆ ದಾರಿ ಮಾಡಿದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಫ್‌ಕಿನ್ ಎಂಬ ವಿಜ್ಞಾನಿ 1897ರಲ್ಲಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆ ತಯಾರಿಸಿ ಮೊದಲು ತಮ್ಮ ಮೈಗೇ ಚುಚ್ಚಿಕೊಂಡಿದ್ದರು. ಆದರೂ ಜನ ಸೂಜಿ ಕಂಡರೆ ಓಡುತ್ತಿದ್ದರು, ಆಸ್ಪತ್ರೆ ಅಂದ್ರೆ ಸಾಯಲಿಕ್ಕೆ ಹೋಗುವ ಜಾಗ ಅಂತಿದ್ದರು. ಅಂಥ ಕಾಲದಲ್ಲಿ ಇಪ್ಪತ್ತು ವರ್ಷದಿಂದ ಮುಖ ನೋಡಿದ, ಗುಳಿಗೆ ತಗೊಂಡ ಪಾದ್ರಿ ಕರೆದರೆ ಬರುವವರೂ ಇದ್ದರು. ನಂಬಿಕೆ ಗಳಿಸಲು ಮುಲ್ಲರ್‌ಗೆ ಸಿಹಿ ಗುಳಿಗೆ ಉಪಯೋಗಕ್ಕೆ ಬಂದದ್ದು ಹೀಗೆ.

1907ರಲ್ಲಿ ಬ್ರಿಟಿಷ್ ಸರ್ಕಾರ ಅವರಿಗೆ ಕೈಸರ್ ಇ ಹಿಂದ್ ಪದಕ ಕೊಟ್ಟಿತು.

ಪ್ಲೇಗು ಈಗ ಈ ಕಡೆ ಇಲ್ಲ. ಇಲಿ ಇದೆ. ತುಂಗಭದ್ರಾ ಎಡದಂಡೆ ನೀರು ಹರಿಯುವ ಮಾನ್ವಿ, ರಾಯಚೂರು ಭಾಗದ ಭತ್ತದ ಗದ್ದೆಗಳಲ್ಲಿ, ಅಡತಿ ಅಂಗಡಿಯ ಗೋಣಿಚೀಲಗಳ ಸಂದಿಯಲ್ಲಿ, ಕಿರಾಣಿ ಅಂಗಡಿಯ ಹಿಂದಿನ ಕೋಣೆಯಲ್ಲಿ. ಇಲಿಯ ಮೂತ್ರ ಬೆರೆತ ನೀರು, ಕೆಸರು ಕಾಲಿನ ಬಿರುಕಿಗೆ ತಾಗಿದರೆ ಇಲಿ ಜ್ವರ ಬರುತ್ತದೆ. ಇದು ಪ್ಲೇಗಲ್ಲ, ಬೇರೆ ರೋಗ. ಜೋರು ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪಾಗುವುದು, ಕೆಲವರಿಗೆ ಕಾಮಾಲೆ. ಬೇಗ ತೋರಿಸಿದರೆ ಸಾದಾ ಗುಳಿಗೆಗೇ ವಾಸಿಯಾಗುತ್ತದೆ, ತಡವಾದರೆ ಕಿಡ್ನಿಗೆ ಹೊಡೆತ. ಗದ್ದೆಗಿಳಿಯುವವರು ಕಾಲಿನ ಗಾಯ ಮುಚ್ಚಿಕೊಳ್ಳಬೇಕು, ಆದರೆ ಬೂಟು ಹಾಕಬೇಕು. ಅಂಗಡಿಯವರು ಚೀಲಗಳನ್ನು ನೆಲಕ್ಕೆ ತಾಗಿಸದೆ ಹಲಗೆ ಮೇಲೆ, ಗೋಡೆಯಿಂದ ಸ್ವಲ್ಪ ದೂರ ಜೋಡಿಸಿದರೆ ಇಲಿಗೆ ಅಡಗಲು ಜಾಗ ಸಿಗುವುದಿಲ್ಲ. ಚೆಲ್ಲಿದ ಕಾಳನ್ನು ರಾತ್ರಿ ಶಟರ್ ಎಳೆಯುವ ಮುಂಚೆ ಗುಡಿಸಬೇಕು, ಬೆಳಿಗ್ಗೆಗೆ ಬಿಟ್ಟರೆ ಗುಡಿಸಲು ಏನೂ ಉಳಿದಿರುವುದಿಲ್ಲ. ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು.

ಮುಲ್ಲರ್ ತೀರಿಕೊಂಡಾಗ ಅವರಿಗೆ 69. ಅದರಲ್ಲಿ ಸುಮಾರು 32 ವರ್ಷ ಮಂಗಳೂರಿನದ್ದು. ಕಾಲೇಜಿನಲ್ಲಿ ಪಾಠ ಹೇಳಲು ಬಂದವರ ಹೆಸರು ಕಾಲೇಜಿಗಿಂತ ಹೆಚ್ಚಾಗಿ ಔಷಧಾಲಯಕ್ಕೆ ಅಂಟಿತು. 1985ರಲ್ಲಿ ಅವರ ಹೆಸರಿನ ಹೋಮಿಯೋಪಥಿ ವೈದ್ಯಕೀಯ ಕಾಲೇಜು, 1999ರಲ್ಲಿ ಅಲೋಪಥಿ ವೈದ್ಯಕೀಯ ಕಾಲೇಜು ಶುರುವಾದವು. ಈಗ ಎರಡೂ ಪದ್ಧತಿ ಒಂದೇ ಹೆಸರಿನ ಕೆಳಗಿವೆ. ಪ್ಲೇಗನ್ನು ಗುಣಪಡಿಸುವ ಸ್ಟ್ರೆಪ್ಟೊಮೈಸಿನ್ ಬಂದದ್ದೂ, ಕುಷ್ಠವನ್ನು ಮೊದಲ ಸಲ ಹಿಮ್ಮೆಟ್ಟಿಸಿದ ಸಲ್ಫೋನ್ ಔಷಧಿ ಬಂದದ್ದೂ 1940ರ ದಶಕದಲ್ಲಿ, ಅವರು ಹೋಗಿ 30 ವರ್ಷ ಕಳೆದ ಮೇಲೆ. ಅಲ್ಲಿಯ ತನಕ ಕಂಕನಾಡಿಯ ಆಶ್ರಮದಲ್ಲಿ ನಡೆದದ್ದು ಅದೇ ಕೆಲಸ: ಬೆಳಿಗ್ಗೆ ಗಾಯ ತೊಳೆಯುವುದು, ಕಟ್ಟುವುದು, ಹೊತ್ತಿಗೆ ಊಟ.