ರಾಸ್ ಪ್ರಭುಗಳು

ವಿಲಿಯಂ ಪಾರ್ಸನ್ಸರೆಂಬ ರಾಸ್ ಪ್ರಭುಗಳು 1800ರಲ್ಲಿ ಜನಿಸಿದರು. ಐರ್ಲೆಂಡಿನ ಬರ್ ಕೋಟೆಯಲ್ಲಿ, ಪತ್ನಿಯಾದ ಮೇರಿಯವರ ಧನಸಹಾಯದಿಂದ, ಆರು ಅಡಿ ವ್ಯಾಸದ ಲೋಹದರ್ಪಣವುಳ್ಳ ದೂರದರ್ಶಕವನ್ನು ನಿರ್ಮಿಸಿ, 1845ರಲ್ಲಿ ಎಂ 51 ಎಂಬ ನೀಹಾರಿಕೆಯು ಸುರುಳಿಯಾಕಾರದ್ದೆಂದು ಮೊದಲು ಕಂಡು ಚಿತ್ರಿಸಿದರು. ಆ ವರುಷವೇ ಘೋರ ಕ್ಷಾಮವು ತಲೆದೋರಲು, ನಕ್ಷತ್ರವೀಕ್ಷಣೆಯನ್ನು ಬದಿಗಿರಿಸಿ ಹಸಿದವರ ಸೇವೆಗೆ ನಿಂತರು. 1867ರಲ್ಲಿ ಕರ್ತನಲ್ಲಿ ನಿದ್ರೆಹೋದರು.

ಆ ನೀಹಾರಿಕೆಯು ಅಸಂಖ್ಯ ನಕ್ಷತ್ರಗಳ ಗ್ಯಾಲಕ್ಸಿಯೆಂದು ನಾವೀಗ ಬಲ್ಲೆವು. ಅದರ ಸುರುಳಿತೋಳುಗಳಲ್ಲಿ ಜಲಜನಕದ ಅಣುಗಳ ಅನಿಲವು ಒತ್ತಿಬಂದು, ದಟ್ಟವಾದ ಮಹಾಮೇಘಗಳಾಗಿ, ನೂತನ ನಕ್ಷತ್ರಗಳಿಗೆ ಜನ್ಮವೀಯುತ್ತದೆ. ತೋಳುಗಳ ನಡುವಣ ಮೇಘಗಳಾದರೋ ಚಿಕ್ಕವೂ ವಿರಳವೂ ಆಗಿವೆ. ಈ ಜ್ಞಾನಕ್ಕೆ ಪ್ರಭುಗಳ ಚಿತ್ರವೇ ಮೊದಲ ಮೆಟ್ಟಲು. ಕೈಸೇರಿದ ಕೀರ್ತಿಗಿಂತ ನೆರೆಯವನ ಹಸಿವನ್ನು ದೊಡ್ಡದೆಂದೆಣಿಸಿದ ಆ ಮನಸ್ಸನ್ನೂ ನಾವು ಮರೆಯದಿರೋಣ.